ಗಾಳೆಮ್ಮನ ಹೆಸರಿದ್ದ ಸಾಲು

ನಾಗೇಶ ಫೋನು ಚಾಚಿದಾಗ ದ್ರಾಕ್ಷಾಯಿಣಿಯ ಎರಡೂ ಕೈಗಳಲ್ಲಿ ಯಾರದೋ ತಲೆಯ ಕೂದಲಿತ್ತು.

ಯಾರದೆಂದು ಹೇಳುವುದು ಹೇಗೆ? ಬಾಚುವಾಗ ಉದುರಿದ್ದು. ಸ್ಟೀಲಿನ ಡಬ್ಬಿಗೋ ಬಲೂನಿಗೋ ಬದಲಾಗಿ ಮನೆಮನೆಯಿಂದ ಎತ್ತಿ ತಂದದ್ದು. ಗೋಣಿಚೀಲದಲ್ಲಿ ತುಂಬಿಕೊಂಡು ಭಾಗ್ಯನಗರದ ಈ ಗೋದಾಮಿಗೆ ಬಂದು ಬೀಳುವ ಹೊತ್ತಿಗೆ ಅದು ಕೂದಲಲ್ಲ, ಕೊಳಕಿನ ಉಂಡೆ. ಹೆಂಗಸರು ನೆಲದ ಮೇಲೆ ಸಾಲಾಗಿ ಕೂತು ಆ ಉಂಡೆಯನ್ನು ಮಡಿಲಿಗೆ ಎಳೆದುಕೊಂಡು ದಬ್ಬಣದಿಂದ ಎಳೆ ಎಳೆಯಾಗಿ ಸಿಕ್ಕು ಬಿಡಿಸಬೇಕು. ಮೊಳೆ ಹೊಡೆದ ಹಲಗೆಯ ಮೇಲೆ ಎಳೆದು ಬಾಚಬೇಕು. ಉದ್ದ ನೋಡಿ ಬೇರೆ ಮಾಡಿ ಕಟ್ಟು ಕಟ್ಟಬೇಕು. ಕೂದಲು ಹಾರುತ್ತದೆಂದು ಫ್ಯಾನು ಹಾಕುವುದಿಲ್ಲ. ಬೆರಳ ತುದಿ ಸೀಳುತ್ತದೆ, ಕುತ್ತಿಗೆ ಸೆಟೆದುಕೊಳ್ಳುತ್ತದೆ, ಕೆಮ್ಮಿದರೆ ಕಫದಲ್ಲೂ ಕೂದಲು ಬರುತ್ತದೆ. ದ್ರಾಕ್ಷಾಯಿಣಿಯ ತಾಯಿ ಗಾಳೆಮ್ಮ ಮದುವೆಯಾಗಿ ಬಂದಾಗಿನಿಂದ ಇದನ್ನೇ ಮಾಡಿದ್ದಾಳೆ. ಪದವಿ ಮುಗಿಸಿದ ಮಗಳೂ ಈಗ ಅವಳ ಪಕ್ಕದಲ್ಲೇ ಕೂತಿದ್ದಾಳೆ.

"ಏ ದ್ರಾಕ್ಷಿ, ನೀ ಓದಿದಾಕಿ. ಸಾವಕಾರ್ರ ಬೀಗರು ಹನುಮನಹಳ್ಳಿಗೆ ಹೊಂಟಾರ. ಯಾತ್ರಿನಿವಾಸದಾಗ ರೂಮ್ ಬುಕ್ ಮಾಡಬೇಕಂತ. ಇದರಾಗ ಎಲ್ಲಾ ತುಂಬಿ ಕೊಡು," ಎಂದ ನಾಗೇಶ. ಅವನು ಗೋದಾಮಿನ ಮೇಸ್ತ್ರಿ. ಯಾತ್ರಿನಿವಾಸವೆಂದರೆ ಅಂಜನಾದ್ರಿ ಬೆಟ್ಟಕ್ಕೆ ಬರುವ ಭಕ್ತರಿಗಾಗಿ ಒಂದು ಟ್ರಸ್ಟಿನವರು ಹೊಸದಾಗಿ ಕಟ್ಟಿಸಿದ ವಸತಿ. ಗೋದಾಮಿನ ಸಾವಕಾರರೂ ಆ ಟ್ರಸ್ಟಿನಲ್ಲೊಬ್ಬರು.

"ವೆಬ್‌ಸೈಟ್ ನೋಡು, ಹೆಂಗೈತಿ! ಕೊಪ್ಪಳದ ಸುಭಾಷ್ ಸರ್ ಮಾಡ್ಯಾರ. ಮೊನ್ನಿ ಅವರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ರು."

ದ್ರಾಕ್ಷಾಯಿಣಿ ಕೈಯನ್ನು ಸೀರೆಗೆ ಒರೆಸಿಕೊಂಡು ಫೋನು ತೆಗೆದುಕೊಂಡಳು.

ಬಣ್ಣ ಬೇರೆಯಿತ್ತು, ಕೇಸರಿ. ಮೇಲೆ ಬೆಟ್ಟದ ಫೋಟೊ. ಅದೆಲ್ಲ ಹೊಸದು. ಆದರೆ ಪ್ರತಿ ತಲೆಬರಹದ ಕೆಳಗೆ ಎಳೆದ ತೆಳ್ಳನೆಯ ಕೆಂಪು ದಾರ, ದಾರದ ಕೊನೆಗೊಂದು ಗಂಟು, ಗಂಟಿನಿಂದ ಇಳಿಬಿದ್ದ ಎರಡು ತುದಿ. ಬೆರಳು ಮುಟ್ಟಿದರೆ ಗಂಟು ಬಿಚ್ಚಿಕೊಂಡು ಒಳಗಿನ ಪುಟ ತೆರೆಯುತ್ತದೆ. ಇದು ಅವಳದು. ಇದನ್ನು ಅವಳೇ ಮಾಡಿದ್ದಳು.

ಆ ದಾರ ಈ ಗೋದಾಮಿನದೇ. ಇಲ್ಲಿ ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಬಣ್ಣದ ದಾರ. ತಾನು ಬಿಡಿಸಿದ ಕೂದಲ ಕಟ್ಟಿಗೆ ತನ್ನ ದಾರವನ್ನೇ ಸುತ್ತಬೇಕು. ಪಕ್ಕದಲ್ಲಿ ಕೂರುವ ಜುಬೇದಾಬೀಯದು ಹಸಿರು. ಗಾಳೆಮ್ಮನದು ಕೆಂಪು, ಹಳೆಯ ಇಳಕಲ್ ಸೀರೆಯ ಸೆರಗಿನಿಂದ ಹಿರಿದದ್ದು. ಕಟ್ಟಿನಲ್ಲಿ ಸಿಕ್ಕು ಉಳಿದಿದ್ದರೆ ನಾಗೇಶ ದಾರದ ಬಣ್ಣ ನೋಡಿ, ಯಾರದೆಂದು ಗುರುತು ಹಿಡಿದು, ಎಲ್ಲರ ಮುಂದೆ ಮರ್ಯಾದೆ ತೆಗೆಯುತ್ತಾನೆ. ಸಂಜೆಗೆ, ಒಪ್ಪಿಗೆಯಾದ ಕಟ್ಟುಗಳ ದಾರವನ್ನೆಲ್ಲ ಕತ್ತರಿಯಿಂದ ಕಚಕಚ ಕತ್ತರಿಸಿ ಸಾವಕಾರರ ಕಂಪನಿಯ ಹೆಸರಿರುವ ಪಟ್ಟಿ ಸುತ್ತುತ್ತಾನೆ. ಬೈಯಲಿಕ್ಕೆ ದಾರ ಬೇಕು, ಮಾರಲಿಕ್ಕೆ ಬೇಡ. ತುಂಡಾದ ದಾರಗಳನ್ನು ಕಸದ ಜೊತೆ ಗುಡಿಸಿ ಹಾಕುವವರೂ ಇದೇ ಹೆಂಗಸರು.

ದ್ರಾಕ್ಷಾಯಿಣಿ ವೆಬ್‌ಸೈಟ್ ಮಾಡುವುದನ್ನು ಕಲಿತದ್ದು ದಿನಾ ಈ ಕೆಲಸ ಮುಗಿಸಿ ಮನೆಗೆ ಹೋದ ಮೇಲೆ. ಅಪ್ಪ ಹುಲಗಪ್ಪ ಕುಷ್ಟಗಿ ಕಡೆಯ ದಾಳಿಂಬೆ ತೋಟದಲ್ಲಿ ಕಾವಲಿಗಿದ್ದಾನೆ. ಅಪ್ಪನೇ, ತೋಟದ ಒಡೆಯನ ಮಗ ಮೂಲೆಗೆ ಹಾಕಿದ್ದ ಲ್ಯಾಪ್‌ಟಾಪನ್ನು ಕೇಳಿ ತಂದುಕೊಟ್ಟಿದ್ದ. ಅದರ ಮುಚ್ಚಳದ ಕೀಲು ಮುರಿದಿದೆ, ಗೋಡೆಗೆ ಆನಿಸಿದರೆ ಮಾತ್ರ ನಿಲ್ಲುತ್ತದೆ. ಓಣಿಯ ಹೆಂಗಸರ ಸಂಘದ ಶಾವಿಗೆ, ಖಾರದಪುಡಿ ಮಾರಲಿಕ್ಕೆಂದು ಅವಳು ಆ ಡಿಸೈನ್ ಮಾಡಿದಳು. ಕನ್ನಡದ ಅಕ್ಷರ ಒಂದರ ಮೇಲೊಂದು ಬೀಳಬಾರದು, ನೆಟ್‌ವರ್ಕ್ ಸಿಗದ ಊರಿನ ಹಳೆಯ ಫೋನಿನಲ್ಲೂ ತೆರೆಯಬೇಕು ಎಂದು ಹಟ ಹಿಡಿದು ಮಾಡಿದಳು. ಕಣ್ಣು ಉರಿಯುತ್ತಿತ್ತು, ಸೀಳಿದ ಬೆರಳು ಕೀಲಿಮಣೆ ಒತ್ತಿದರೆ ಚುರ್ ಎನ್ನುತ್ತಿತ್ತು. ಮುಗಿದ ಮೇಲೆ, ನನ್ನ ಹಾಗೆ ಕೈಯಲ್ಲಿ ಕಾಸಿಲ್ಲದವರಿಗೆ ಉಪಯೋಗವಾಗಲಿ ಎಂದು ನೆಟ್ಟಿನಲ್ಲಿ ಇಟ್ಟಳು. ಪಕ್ಕದಲ್ಲಿ ಹೀಗೆ ಬರೆದಳು:

'ಯಾರು ಬೇಕಾದರೂ ತೆಗೆದುಕೊಳ್ಳಿ. ಬಣ್ಣ ಬದಲಿಸಿ, ಫೋಟೊ ಬದಲಿಸಿ, ನಿಮ್ಮ ಹೆಸರು ಮೇಲೆ ದೊಡ್ಡದಾಗಿ ಹಾಕಿಕೊಳ್ಳಿ. ನೀವು ಮಾಡಿದ ಬದಲಾವಣೆಯನ್ನು ನಿಮ್ಮದೆಂದೇ ಬರೆಯಿರಿ. ಅಡಿಯಲ್ಲಿ ಈ ಒಂದು ಸಾಲು ಮಾತ್ರ ಇರಲಿ: ಮೂಲ ವಿನ್ಯಾಸ, ದ್ರಾಕ್ಷಾಯಿಣಿ ಗಾಳೆಮ್ಮ, ಭಾಗ್ಯನಗರ.'

ತೆಗೆದುಕೊಂಡವರು ಇದ್ದರು. ಯಲಬುರ್ಗಾದ ಅನುಸೂಯಾ ಟೀಚರು ತಮ್ಮ ಶಾಲೆಗೆ ಬಳಸಿಕೊಂಡರು, ಸಾಲನ್ನು ಮುಟ್ಟಲಿಲ್ಲ, ಫೋನು ಮಾಡಿ ಭಾಳ ಛಲೋ ಐತವಾ ಅಂದರು. ಗಂಗಾವತಿಯ ಅಕ್ಬರನೆಂಬ ಹುಡುಗ ತನ್ನ ಸೈಕಲ್ ಅಂಗಡಿಗೆ ಹಾಕಿಕೊಂಡು, 'ಮೂಲ ವಿನ್ಯಾಸ ದ್ರಾಕ್ಷಾಯಿಣಿ ಗಾಳೆಮ್ಮ, ಭಾಗ್ಯನಗರ. ಬದಲಾವಣೆ ಅಕ್ಬರ, ಗಂಗಾವತಿ' ಎಂದು ಬರೆದ. ಅಷ್ಟೇ ಕೆಲಸ. ಒಂದು ಸಾಲು. ಅದಕ್ಕೆ ಯಾರ ಗಂಟೂ ಹೋಗುವುದಿಲ್ಲ.

ಗೋದಾಮಿನಲ್ಲಿ ಕೂತು ಅವಳು ಯಾತ್ರಿನಿವಾಸದ ಪುಟವನ್ನು ಕೆಳಗೆ, ಇನ್ನೂ ಕೆಳಗೆ ಸರಿಸಿದಳು. ಕೊನೆಯಲ್ಲಿ ಸಾಲೊಂದಿತ್ತು. 'ಪರಿಕಲ್ಪನೆ ಮತ್ತು ವಿನ್ಯಾಸ: ಸುಭಾಷ್, ಕೊಪ್ಪಳ. ನಕಲು ಮಾಡುವುದು ಅಪರಾಧ.'

ಕದ್ದವನು ಬಾಗಿಲಿಗೆ ಬೀಗ ಹಾಕಿ ಕಳ್ಳರಿದ್ದಾರೆ ಎಚ್ಚರಿಕೆ ಎಂದು ಬರೆದಿದ್ದ. ದ್ರಾಕ್ಷಾಯಿಣಿಗೆ ನಗು ಬರಬೇಕಿತ್ತು, ಬರಲಿಲ್ಲ.

"ತುಂಬಿದ್ಯಾ ಇಲ್ಲಾ?" ಎಂದ ನಾಗೇಶ.

ಅವಳು ಬೀಗರ ಹೆಸರು ತುಂಬಿ, ರೂಮು ಹಿಡಿದು, ಫೋನು ವಾಪಸು ಕೊಟ್ಟಳು. ಆಮೇಲೆ ಹಲಗೆಯ ಮೊಳೆಗಳ ಮೇಲೆ ಕೂದಲನ್ನು ಎಷ್ಟು ಜೋರಾಗಿ ಎಳೆದಳೆಂದರೆ ಅಂಗೈ ಗೀರಿ ರಕ್ತ ಬಂತು.

ಸುಭಾಷನಿಗೆ ಮೆಸೇಜು ಕಳಿಸಿದಳು. ನೋಡಿದ, ಉತ್ತರವಿಲ್ಲ. ಫೋನು ಮಾಡಿದಳು. ಸರ್ ಮೀಟಿಂಗಿನಲ್ಲಿ ಇದ್ದಾರೆ ಎಂದು ಯಾರೋ ಹೇಳಿದರು. ಎಂಥ ಮೀಟಿಂಗೋ, ಮುಗಿಯುವುದೇ ಇಲ್ಲ. ಕೊನೆಗೆ ಕೂಲಿ ಬಿಟ್ಟು ಕೊಪ್ಪಳಕ್ಕೆ ಹೋಗಿ ಅವನ ಆಫೀಸಿನ ಮೆಟ್ಟಿಲು ಹತ್ತಿದಳು.

ಗಾಜಿನ ಬಾಗಿಲು, ತಂಪು ಗಾಳಿ, ಗೋಡೆಯ ಮೇಲೆ ಶಾಲು ಹೊದ್ದ ಸುಭಾಷನ ಫೋಟೊ. ಸುಭಾಷ್ ಸಿಡುಕಿನ ಮನುಷ್ಯನಲ್ಲ. ನಗುನಗುತ್ತಲೇ ಮಾತಾಡಿದ.

"ನೋಡು ತಂಗಿ, ನೆಟ್‌ನಾಗ ಫ್ರೀ ಅಂತ ನೀನ ಇಟ್ಟೀ. ಫ್ರೀ ಇದ್ದದ್ದು ನಾ ತಗೊಂಡೆ. ಇದರಾಗ ತಪ್ಪೇನೈತಿ?"

"ಫ್ರೀ ಅಂತ ಬರದೀನ್ರಿ. ಹೆಸರು ಅಳಸ್ರಿ ಅಂತ ಬರದಿಲ್ಲ."

"ನಾ ಏನೂ ಮಾಡೇ ಇಲ್ಲೇನು? ಬಣ್ಣ ಬದಲಿ ಮಾಡೀನಿ, ಫೋಟೊ ಹೊಡಸೀನಿ, ರೂಮ್ ಬುಕ್ ಮಾಡೋದು ಕೂಡಸೀನಿ."

"ಮಾಡೀರಿ. ಅದನ್ನೂ ಬರೀರಿ. ಬದಲಾವಣೆ ಸುಭಾಷ್ ಅಂತ ಬರೀರಿ. ನಿಮ್ಮ ಹೆಸರು ತಗೀರಿ ಅಂತ ನಾ ಎಲ್ಲಿ ಅಂದೆ? ನನ್ನ ಸಾಲು ಇದ್ದಲ್ಲೆ ಇಡ್ರಿ ಅಂತೀನಿ."

ಅಂಥ ಸಾಲು ಎಲ್ಲಿತ್ತು ಎನ್ನುವಂತೆ ಅವನು ಮುಖ ಮಾಡಿದ್ದಕ್ಕೆ ಅವಳು ಅವನ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು ತನ್ನ ಪುಟ ತೆರೆದು ತೋರಿಸಿದಳು. ದಾರ, ಗಂಟು, ಸಾಲು. ಸುಭಾಷ್ ನೋಡಿದ. ಅವಳು ಕೈ ತೆಗೆದ ಮೇಲೆ ಡ್ರಾಯರಿನಿಂದ ಒಂದು ಟಿಶ್ಯೂ ಎಳೆದು, ಅವಳು ಮುಟ್ಟಿದ್ದ ಕೀಲಿಗಳನ್ನು ಒಂದೊಂದಾಗಿ ಒರೆಸಿದ.

"ಬೇಜಾರ ಮಾಡ್ಕೋಬ್ಯಾಡ. ಕೂದಲ ಕೆಲಸ ಅಲ್ಲೇನು ನಿಮ್ದು."

ದ್ರಾಕ್ಷಾಯಿಣಿ ತನ್ನ ಕೈಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಳು. ಹಾಗೆ ಮುಚ್ಚಿಟ್ಟುಕೊಂಡದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು, ತೆಗೆದು ಮೇಜಿನ ಮೇಲಿಟ್ಟಳು.

"ಸಾಲು ಯಾವಾಗ ಹಾಕ್ತೀರಿ?"

ಸುಭಾಷ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದ. "ನನಗೇನೂ ಇಲ್ಲ. ನಾ ಅಂಥಾ ಮನಷ್ಯಾ ಅಲ್ಲ. ಆದ್ರ ಅದು ಭಕ್ತರು ನೋಡೋ ಪೇಜು. ಕೆಳಗ ಗಾಳೆಮ್ಮ ಅಂತ ಇದ್ರ ಟ್ರಸ್ಟಿನವರು ಕೇಳ್ತಾರ, ಇದ್ಯಾರು ಅಂತ."

"ಗಾಳೆಮ್ಮ ದೇವರ ಹೆಸರ್ರಿ."

"ದೇವರದ ಇರವಲ್ದ್ಯಾಕ. ಯಾವ ಓಣಿ ದೇವರು ಅನ್ನೋದೂ ಇರ್ತದಲ್ಲ." ಅವನ ನಗು ಹಾಗೇ ಇತ್ತು. "ಡಿ.ಜಿ. ಡಿಸೈನ್ಸ್ ಅಂತ ಹಾಕಿದ್ರ ನಡೀತದೇನು ನೋಡು. ಛಂದ ಇರ್ತದ. ನಮ್ಮ ಆಫೀಸಿನ್ಯಾಗ ಒಂದು ಕೆಲಸಾನೂ ಕೊಡ್ತೀನಿ. ಕೂದಲ ಬಿಡಸೋದು ತಪ್ಪತೈತಿ."

ಎಂಥ ಉದಾರತನ! ಅವಳ ಹೆಸರನ್ನು ಎರಡು ಅಕ್ಷರಕ್ಕೆ ಕತ್ತರಿಸಿ, ಉಳಿದದ್ದನ್ನು ಗುಡಿಸಿ ಹಾಕಿ, ಮೇಲಿಂದ ಉಪಕಾರ. ದ್ರಾಕ್ಷಾಯಿಣಿ ಎದ್ದು ನಿಂತಳು. ಬಾಯಿಗೆ ಬಂದದ್ದನ್ನೆಲ್ಲ ಬೈಯಬೇಕೆನಿಸಿತು. ಬಂದದ್ದು ಒಂದೇ ಮಾತು.

"ನಮ್ಮವ್ವಗ ಪೂರ್ತಿ ಹೆಸರೈತ್ರಿ."

ಮನೆಗೆ ಬಂದು ಹೇಳಿದಾಗ ಗಾಳೆಮ್ಮ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಲಿಲ್ಲ. "ಬಿಡವ್ವಾ. ನನ್ನ ಹೆಸರು ಕಟಗೊಂಡು ನಿನಗೇನಾಗಬೇಕು. ತಗದು ಹಾಕು. ನಿನ್ನ ಹೆಸರಷ್ಟ ಇದ್ರ ಆತು. ಛಲೋ ಹೆಸರು ಐತಿ ನಿಂದು, ಯಾರಿಗೂ ಗೊತ್ತಾಗಂಗಿಲ್ಲ."

"ಏನು ಗೊತ್ತಾಗಂಗಿಲ್ಲ?"

ಗಾಳೆಮ್ಮ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಗೊತ್ತಿದ್ದೇ ಅವಳು ಮಗಳಿಗೆ ಆ ಹೆಸರಿಟ್ಟಿದ್ದಳು. ಶಾಲೆಯಲ್ಲಿ ಮಾಸ್ತರರು ಹೆಸರು ಕೂಗಿದಾಗ ಮಗಳು ತಲೆ ತಗ್ಗಿಸಬಾರದೆಂದು.

"ದಾರ ನಿಂದು ಬೇ," ಎಂದಳು ದ್ರಾಕ್ಷಾಯಿಣಿ. "ನಿನ್ನ ದಾರ ನೋಡೇ ನಾ ಅದನ್ನ ಮಾಡಿದ್ದು. ನಿನ್ನ ಹೆಸರು ತಗದು ನಾ ಒಬ್ಬಾಕೀನ ಹೆಂಗ ಇಟ್ಕೊಳ್ಳಲಿ? ಆಗ ನಾನೂ ಆ ಸುಭಾಷನ ಆಗ್ತೀನಿ."

ಮರುದಿನ ಅವಳು ಎರಡೂ ಪುಟಗಳ ಚಿತ್ರವನ್ನು ಅಕ್ಕಪಕ್ಕ ಇಟ್ಟು, ನಡೆದದ್ದನ್ನು ನಡೆದ ಹಾಗೆ ಬರೆದು ಎಲ್ಲರೂ ನೋಡುವಂತೆ ಹಾಕಿದಳು. ಅನುಸೂಯಾ ಟೀಚರು ಅದನ್ನು ಹಂಚಿದರು. ಅಕ್ಬರ ಹಂಚಿದ. ಗುರುತಿಲ್ಲದವರೂ ಹಂಚಿದರು. ಕೂದಲು ಬಿಡಿಸುವವಳು ವೆಬ್‌ಸೈಟ್ ಮಾಡ್ಯಾಳಂತ ಎಂದು ನಕ್ಕವರೂ ಇದ್ದರು, ಅವರೇ ಹೆಚ್ಚು. ಆದರೂ ಟ್ರಸ್ಟಿಗೆ ಫೋನುಗಳು ಹೋದವು. ಟ್ರಸ್ಟಿನಿಂದ ಸುಭಾಷನಿಗೆ, ಸಾವಕಾರರಿಂದ ನಾಗೇಶನಿಗೆ.

ಹಾಗಾಗಿ ಒಂದು ಮಧ್ಯಾಹ್ನ ಸುಭಾಷ್ ಗೋದಾಮಿಗೆ ಬಂದ. ಒಳಗೆ ಕಾಲಿಡುವ ಮೊದಲು ಮೂಗಿಗೆ ಕರವಸ್ತ್ರ ಹಿಡಿದ. ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ನಾಗೇಶ ಅವನಿಗೆ ಕುರ್ಚಿ ತಂದು ಹಾಕಿದ.

"ಎದ್ದ ನಿಂದ್ರು ದ್ರಾಕ್ಷಿ," ಎಂದ ನಾಗೇಶ, ಫೋನನ್ನು ಅವಳ ಮುಖದ ಮುಂದೆ ಹಿಡಿದು. "ವಿಡಿಯೊ ಮಾಡ್ತೀನಿ. ತಪ್ಪು ತಿಳಕೊಂಡಿದ್ದೆ, ಡಿಸೈನು ಸುಭಾಷ್ ಸರ್ ಅವರದ, ನನ್ನದೇನೂ ತಕರಾರಿಲ್ಲ ಅನ್ನು. ಅಷ್ಟ ಸಾಕು. ಸಾವಕಾರ್ರು ಹೇಳ್ಯಾರ."

"ಸುಳ್ಳು ಹೇಳಾಕ ಸಾವಕಾರ್ರು ಹೇಳ್ಯಾರೇನು?"

"ಏ, ಬಾಯಿ ಬಿಗಿ ಹಿಡಿದು ಮಾತಾಡು. ನಿಮ್ಮವ್ವ ಇಲ್ಲೆ ಕೆಲಸಾ ಮಾಡ್ತಾಳ ಅನ್ನೋದು ನೆನಪಿರಲಿ."

ದ್ರಾಕ್ಷಾಯಿಣಿ ತಾಯಿಯ ಕಡೆ ನೋಡಿದಳು. ಗಾಳೆಮ್ಮ ಮಡಿಲಲ್ಲಿದ್ದ ಉಂಡೆಯನ್ನೇ ನೋಡುತ್ತಿದ್ದಳು. ಬೆರಳು ಅಲ್ಲಾಡುತ್ತಿರಲಿಲ್ಲ. ಬಿಡು ಅನ್ನುವಳೇನೋ, ಹೇಳಿಬಿಡವ್ವಾ ಅನ್ನುವಳೇನೋ ಎಂದು ಮಗಳು ಕಾದಳು. ಗಾಳೆಮ್ಮ ಎರಡನ್ನೂ ಅನ್ನಲಿಲ್ಲ.

ದ್ರಾಕ್ಷಾಯಿಣಿ ಎದ್ದು ನಿಂತಳು. ಸೀರೆಗೆ ಅಂಟಿದ ಕೂದಲನ್ನು ಕೊಡವಿಕೊಳ್ಳಲಿಲ್ಲ.

"ನನ್ನ ಹೆಸರು ದ್ರಾಕ್ಷಾಯಿಣಿ. ನಮ್ಮವ್ವ ಗಾಳೆಮ್ಮ. ಇಬ್ಬರೂ ಕೂದಲ ಬಿಡಸ್ತೀವಿ. ಯಾತ್ರಿನಿವಾಸದ ಪೇಜಿನ ಡಿಸೈನ್ ನಂದು. ಅದರಾಗಿನ ದಾರ ನಮ್ಮವ್ವಂದು. ಸುಭಾಷ್ ಅವರು ಬಣ್ಣ ಬದಲಿ ಮಾಡ್ಯಾರ, ಫೋಟೊ ಹಾಕ್ಯಾರ, ಬುಕಿಂಗ್ ಕೂಡಸ್ಯಾರ. ಅದು ಅವರ ಕೆಲಸ, ಅದನ್ನ ನಾ ನಂದು ಅನ್ನಂಗಿಲ್ಲ. ನಂದನ್ನ ಅವರೂ ಅವರದು ಅನಬಾರದು."

ನಾಗೇಶ ಫೋನು ಕೆಳಗಿಳಿಸಿ, ವಿಡಿಯೊ ಅಳಿಸಿದ. ಸುಭಾಷನ ಮುಖದ ನಗು ಮೊದಲ ಸಲ ಹೋಯಿತು. "ಕಲಿಸಿದ್ರ ಹಿಂಗಾಗತದ ನೋಡ್ರಿ," ಎಂದು ನಾಗೇಶನಿಗೆ ಹೇಳಿ, ಕರವಸ್ತ್ರ ಮೂಗಿಗೆ ಹಿಡಿದೇ ಹೊರಟುಹೋದ. ಅವನೇನೂ ಕಲಿಸಿರಲಿಲ್ಲ.

"ನಾಳಿಂದ ಇಬ್ಬರೂ ಬರಬ್ಯಾಡ್ರಿ," ಎಂದ ನಾಗೇಶ. "ಇವತ್ತಿಂದು ಮುಗಿಸಿ ಹೋಗ್ರಿ."

ಮುಗಿಸಿದರು. ಬೇರೆ ಏನು ಮಾಡಿಯಾರು? ಸಂಜೆ ನಾಗೇಶ ಕತ್ತರಿ ಹಿಡಿದುಕೊಂಡು ಬಂದ. ಜುಬೇದಾಬೀಯ ಹಸಿರು ದಾರ ಕಚಕ್ ಎಂದಿತು. ಮುಂದೆ ಗಾಳೆಮ್ಮ. ಅವಳು ತನ್ನ ಕಟ್ಟುಗಳ ಮೇಲೆ ಅಂಗೈ ಅಡ್ಡ ಇಟ್ಟಳು.

"ಕತ್ತರಿ ತಗಿ."

"ಏನಂದಿ ಗಾಳಿ?"

"ಗಾಳಿ ಅಲ್ಲ, ಗಾಳೆಮ್ಮ. ಕತ್ತರಿ ತಗಿ ಅಂದೆ. ಕೂದಲ ಸಾವಕಾರ್ರದು. ದಾರ ನಂದು. ನಂದು ನಾನ ಬಿಚ್ಚತೀನಿ."

"ತಲಿ ಕೆಟ್ಟೈತೇನು? ಹೊತ್ತಾತು, ಕೈ ತಗಿ."

ಅವಳು ಕೈ ತೆಗೆಯಲಿಲ್ಲ. ಉಗುರಿನಿಂದ ಗಂಟು ಸಡಿಲಿಸಿ, ಒಂದೊಂದೇ ದಾರವನ್ನು ಬಿಚ್ಚಿ ಬೆರಳಿಗೆ ಸುತ್ತಿಕೊಳ್ಳತೊಡಗಿದಳು. ದಾರ ಕಳಚಿದ ಕಟ್ಟುಗಳು ಸಡಿಲಾಗಿ ನೆಲದ ಮೇಲೆ ಹರಡಿದವು. ಅಷ್ಟು ಹೊತ್ತಿನ ಕೆಲಸವೆಲ್ಲ ಕಲಸಿಹೋಗುತ್ತದೆಂದು ನಾಗೇಶ ಬೈಯುತ್ತ, ಮಂಡಿಯೂರಿ, ಎರಡೂ ಕೈಗಳಿಂದ ಕೂದಲನ್ನು ಬಾಚಿ ಹಿಡಿದ. ಗಾಳೆಮ್ಮ ಅವನತ್ತ ನೋಡಲೂ ಇಲ್ಲ. ಕೊನೆಯ ದಾರ ಬಿಚ್ಚಿ, ಮಗಳಿಗೆ ನಡಿ ಎಂದಳು. ಜುಬೇದಾಬೀ ಕಸದಿಂದ ತನ್ನ ಹಸಿರು ತುಂಡುಗಳನ್ನು ಹೆಕ್ಕುತ್ತಿದ್ದದ್ದನ್ನು ದ್ರಾಕ್ಷಾಯಿಣಿ ಬಾಗಿಲು ದಾಟುವಾಗ ನೋಡಿದಳು.

ಟ್ರಸ್ಟಿನವರು ನ್ಯಾಯ ಮಾಡಿದರು. ಹೇಗೆಂದರೆ, ವಿವಾದ ಬೇಡವೆಂದು ಸುಭಾಷನ ಹೆಸರನ್ನೂ ತೆಗೆಸಿದರು. ಪುಟದ ಅಡಿ ಈಗ ಖಾಲಿ. ಕೇಸರಿ ಬಣ್ಣದ ಒಂದು ಪಟ್ಟಿ, ಅದರಲ್ಲಿ ಏನೂ ಇಲ್ಲ. ಮೇಲೆ ಮಾತ್ರ ಕೆಂಪು ದಾರ ಹಾಗೇ ಇದೆ, ಬೆರಳಿಟ್ಟರೆ ಬಿಚ್ಚಿಕೊಳ್ಳುತ್ತದೆ, ಭಕ್ತರು ರೂಮು ಹಿಡಿಯುತ್ತಾರೆ. ಸುಭಾಷನಿಗೆ ಹೊದಿಸಿದ ಶಾಲನ್ನು ಯಾರೂ ವಾಪಸು ಕೇಳಲಿಲ್ಲ.

ದ್ರಾಕ್ಷಾಯಿಣಿ ತಾಯಿಗೆ ಅದನ್ನು ತೋರಿಸಿದಳು.

"ಅವನ ಹೆಸರೂ ತಗದಾರ?"

"ಹೂಂ ಬೇ."

ಗಾಳೆಮ್ಮ ಖಾಲಿ ಪಟ್ಟಿಯನ್ನು ಬಹಳ ಹೊತ್ತು ನೋಡಿದಳು. ಓದು ಬಾರದವಳಿಗೂ ಖಾಲಿ ಜಾಗ ಕಾಣುತ್ತದೆ. "ನನ್ನ ಹೆಸರು ಬರಿಯೋಕಿಂತ ಏನೂ ಇಲ್ಲದಿರೋದ ಛಲೋ ಅನಸೇತಿ ಅವರಿಗೆ," ಎಂದಳು. ಆಮೇಲೆ ಮಗಳ ಪುಟವನ್ನು ತೆರೆಯಲು ಹೇಳಿದಳು. ಅಡಿಯ ಸಾಲು ಎಲ್ಲಿದೆಯೆಂದು ಕೇಳಿದಳು. ಮಗಳು ಬೆರಳಿಟ್ಟು ತೋರಿಸಿದಳು.

"ಇಷ್ಟ ಸಣ್ಣದು? ಇರುವಿ ಹರದಂಗೈತಿ. ಯಾಕ ಇಷ್ಟ ಸಣ್ಣದು ಬರದಿ?"

"ಯಾರಿಗೂ ಅಡ್ಡ ಆಗಬಾರದು ಅಂತ."

"ಅಡ್ಡ ಆಗಲಿ. ಕಾಣಂಗ ಬರಿ."

ದ್ರಾಕ್ಷಾಯಿಣಿ ಲ್ಯಾಪ್‌ಟಾಪನ್ನು ಗೋಡೆಗೆ ಆನಿಸಿಕೊಂಡು ಕೂತಳು. ಸಾಲನ್ನು ಅಡಿಯಿಂದ ಎತ್ತಿ ದಾರದ ಪಕ್ಕಕ್ಕೆ, ಪುಟದ ಮೇಲ್ಭಾಗಕ್ಕೆ ತಂದಳು. ಗಾಳೆಮ್ಮ ಎಂಬ ಹೆಸರನ್ನು ದಾರದಷ್ಟೇ ಕೆಂಪು ಮಾಡಿದಳು. ಇನ್ನು ಈ ಡಿಸೈನ್ ಬೇಕೆನ್ನುವವರು ಆ ಹೆಸರಿನ ಸಮೇತ ತೆಗೆದುಕೊಳ್ಳಬೇಕು, ಇಲ್ಲವೇ ಬಿಡಬೇಕು. ಬಿಡುವವರೇ ಹೆಚ್ಚಾಗುತ್ತಾರೆಂದು ಅವಳಿಗೆ ಗೊತ್ತಿತ್ತು. ಸುಭಾಷನಂಥವನು ಇದನ್ನೂ ಅಳಿಸಬಲ್ಲನೆಂದೂ ಗೊತ್ತಿತ್ತು.

ಕೆಲಸ ಬೇಕಿತ್ತು. ತಾಯಿ ಮಗಳು ಭಾಗ್ಯನಗರದ ಆಚೆ ತುದಿಯ ಇನ್ನೊಂದು ಗೋದಾಮಿಗೆ ಹೋದರು. ಅಲ್ಲೂ ಅದೇ ಗೋಣಿಚೀಲ, ಅದೇ ವಾಸನೆ, ನಿಂತ ಫ್ಯಾನು. ಮೇಸ್ತ್ರಿ ಗಿಡ್ಡಪ್ಪ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಅವನ ಕೈಯಲ್ಲೂ ಕತ್ತರಿ ಇತ್ತು.

"ಹೆಸರು?"

"ಗಾಳೆಮ್ಮ." ಒಳಗೆ ಕೂತವರೆಲ್ಲ ತಲೆಯೆತ್ತುವಷ್ಟು ಗಟ್ಟಿಯಾಗಿ ಹೇಳಿದಳು.

"ಕೂದಲ ಬಿಡಸಾಕ ಬರತೈತೇನು?"

"ಬರತೈತ್ರಿ. ಆದ್ರ ಒಂದು ಮಾತೈತಿ. ನನ್ನ ದಾರ ಕತ್ತರಿಸಂಗಿಲ್ಲ. ನಾನ ಬಿಚ್ಚತೀನಿ. ಒಪ್ಪಿಗಿ ಇದ್ರ ಕುಂದರತೀವಿ, ಇಲ್ಲಾಂದ್ರ ಈಗ ಹೇಳ್ರಿ."

ಗಿಡ್ಡಪ್ಪನಿಗೆ ನಗು ಬಂತು. ಇಂಥದನ್ನು ಅವನು ಕೇಳಿರಲಿಲ್ಲ. "ಒಂದು ದಾರಕ್ಕ ಇಷ್ಟ್ಯಾಕಬೇ? ದಾರದಾಗ ಏನೈತಿ?"

"ನನ್ನ ಹೆಸರೈತಿ."

ಒಳಗಿನಿಂದ ಯಾರೋ ಸರಿದು ಇಬ್ಬರಿಗೆ ಜಾಗ ಮಾಡಿಕೊಟ್ಟರು. ಗಿಡ್ಡಪ್ಪ ಕತ್ತರಿಯನ್ನು ತೆರೆದು ಮುಚ್ಚಿ ಯೋಚಿಸುತ್ತಿದ್ದ, ಇನ್ನೂ ಹೂಂ ಅಂದಿರಲಿಲ್ಲ. ತಾಯಿ ಮಗಳು ಇನ್ನೂ ಕೂತಿರಲಿಲ್ಲ.